ಕಂಪನಿಯ ಸಾಮಾಜಿಕ ಹೊಣೆ ಮತ್ತು ದುಡಿಯುವವರ ಮನೋನೆಮ್ಮದಿ: ಸಂಸೆ–ಕುದುರೆಮುಖ ಸೀಮೆಯ ನೆಲೆಯಿಂದ

ಕಂಪನಿಯೊಂದು ತನ್ನ ಲಾಭದಾಚೆಗೆ ಸುತ್ತಲಿನ ಜನಕ್ಕೆ, ನೆಲಕ್ಕೆ, ನೀರಿಗೆ ಏನು ಮಾಡಬೇಕು ಎಂಬ ಕರ್ತವ್ಯಕ್ಕೆ ಸಾಂಸ್ಥಿಕ ಸಾಮಾಜಿಕ ಹೊಣೆ ಎಂದು ಹೆಸರು. ಕಚೇರಿಗಳಲ್ಲೂ ಪತ್ರಿಕೆಗಳಲ್ಲೂ ಸಿ.ಎಸ್.ಆರ್. ಎಂಬುದೇ ರೂಢಿ. ಈ ಹೊಣೆಗೂ ಅದೇ ಕಂಪನಿಯಲ್ಲಿ ದುಡಿಯುವವರ ಮನಸ್ಸಿನ ನೆಮ್ಮದಿಗೂ ಇರುವ ನಂಟು ಕಳೆದ ಎರಡು ದಶಕಗಳಿಂದ ಮನೋವಿಜ್ಞಾನಿಗಳ ಹಾಗೂ ನಿರ್ವಹಣಾಶಾಸ್ತ್ರಜ್ಞರ ಅಧ್ಯಯನದ ವಿಷಯವಾಗಿದೆ. ಬಹುಪಾಲು ಅಧ್ಯಯನಗಳು ನಡೆದಿರುವುದು ನಗರದ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ. ಈ ಲೇಖನ ಅದೇ ವಿಷಯವನ್ನು ಚಿಕ್ಕಮಗಳೂರು ಜಿಲ್ಲೆಯ ಸಂಸೆಯಿಂದ ನೋಡುತ್ತದೆ.

ಸಂಸೆ ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ಕಳಸ ತಾಲ್ಲೂಕಿನಲ್ಲಿದೆ. ಕಳಸ ದಾಟಿ ಕುದುರೆಮುಖದ ಕಡೆಗೆ ಹೊರಟರೆ ಮೊದಲು ಸಿಗುವುದು ಅಡಿಕೆ, ಕಾಫಿ, ಮೆಣಸು. ಸಂಸೆ ಹತ್ತಿರವಾದಂತೆ ಗುಡ್ಡದ ಮೈತುಂಬ ಟೀ ತೋಟ. ಇನ್ನೂ ಮುಂದೆ ಹೋದರೆ ಶೋಲಾ ಕಾಡು, ಹುಲ್ಲುಗಾವಲು, ಅವುಗಳ ನಡುವೆ ಗಣಿಗಾಗಿಯೇ ಕಟ್ಟಿ ಈಗ ಬಹುಪಾಲು ಖಾಲಿಯಾಗಿರುವ ಟೌನ್‌ಶಿಪ್. ಒಂದೇ ರಸ್ತೆಯ ಮೇಲೆ ಮೂರು ಬಗೆಯ ದುಡಿಮೆ ಇಲ್ಲಿ ಕಾಣುತ್ತದೆ. ಮನೆಯವರೇ ಆಳುಗಳೊಂದಿಗೆ ಕೈಕೂಡಿಸುವ ನಾಲ್ಕೈದು ಎಕರೆಯ ಹಿಡುವಳಿ, ಆಳುಗಳ ವಾಸಕ್ಕೆ ಸಾಲಾಗಿ ಕಟ್ಟಿದ ಲೈನ್ ಮನೆಗಳಿರುವ ಎಸ್ಟೇಟು, ಮನೆ ಶಾಲೆ ಆಸ್ಪತ್ರೆ ಎಲ್ಲವನ್ನೂ ಕೊಟ್ಟು ಒಂದು ದಿನ ಕೆಲಸ ನಿಲ್ಲಿಸಿದ ಸರ್ಕಾರಿ ಕಂಪನಿ. ಹೊಣೆ ಎಂಬ ಮಾತಿಗೆ ಈ ಮೂರು ಕಡೆ ಮೂರು ಅರ್ಥ ಬರುತ್ತದೆ.

ಕಲ್ಪನೆಯ ಹಿನ್ನೆಲೆ

ಅಮೆರಿಕದ ಅರ್ಥಶಾಸ್ತ್ರಜ್ಞ ಹೊವರ್ಡ್ ಬೋವೆನ್ 1953ರಲ್ಲಿ ಉದ್ಯಮಿಗಳ ಸಾಮಾಜಿಕ ಹೊಣೆಯನ್ನು ಕುರಿತು ಬರೆದ ಪುಸ್ತಕದಿಂದ ಈ ಚರ್ಚೆಯ ಆಧುನಿಕ ಚರಿತ್ರೆ ಶುರುವಾಗುತ್ತದೆ ಎನ್ನುವುದು ವಾಡಿಕೆ. ಕಾನೂನಿನ ಚೌಕಟ್ಟಿನೊಳಗೆ ಲಾಭ ಹೆಚ್ಚಿಸುವುದೇ ಕಂಪನಿಯ ಹೊಣೆ ಎಂದು ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ಆರ್ಚಿ ಕ್ಯಾರಲ್ 1979ರಲ್ಲಿ ಆರ್ಥಿಕ, ಕಾನೂನಾತ್ಮಕ, ನೈತಿಕ, ಸ್ವಇಚ್ಛೆಯ ಹೊಣೆ ಎಂದು ನಾಲ್ಕು ಪದರ ಮಾಡಿ, 1991ರಲ್ಲಿ ಅವನ್ನೇ ಪಿರಮಿಡ್ಡಿನ ಆಕಾರದಲ್ಲಿ ಜೋಡಿಸಿದರು. ಭಾರತದಲ್ಲಿ ಈ ವಿಚಾರ ಬಂದದ್ದು ದಾನಧರ್ಮದ ದಾರಿಯಿಂದಲೂ ಹೌದು, ಕಾರ್ಮಿಕ ಕಲ್ಯಾಣದ ದಾರಿಯಿಂದಲೂ ಹೌದು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲಿಯೇ ದಿನಕ್ಕೆ ಎಂಟು ಗಂಟೆಯ ದುಡಿಮೆ ಬಂದಿತ್ತು. ಆಗ ಕಂಪನಿಯ ಹೊಣೆ ಎಂದರೆ ಮೊದಲು ತನ್ನ ಆಳಿನ ಹೊಣೆ. ಆಮೇಲೆ ಆ ಕ್ರಮ ತಲೆಕೆಳಗಾಯಿತು.

ಆಳನ್ನು ಹೊರಗಿಟ್ಟ ಲೆಕ್ಕ

2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಸಂಪತ್ತು 500 ಕೋಟಿ ರೂಪಾಯಿ, ಇಲ್ಲವೆ ವಹಿವಾಟು 1,000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಯಾವ ಯಾವ ಕೆಲಸಕ್ಕೆ ಎಂಬುದು ಕಾಯ್ದೆಯ ಏಳನೆಯ ಅನುಸೂಚಿಯಲ್ಲಿದೆ: ಶಿಕ್ಷಣ, ಆರೋಗ್ಯ, ಪರಿಸರ, ಗ್ರಾಮಾಭಿವೃದ್ಧಿ ಮುಂತಾದವು. ಮಾನಸಿಕ ಆರೋಗ್ಯದ ಕೆಲಸ ಮಾಡುವವರು ಅದನ್ನು ಆರೋಗ್ಯದ ಬಾಬಿನಲ್ಲಿ ಸೇರಿಸಬಹುದು.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ನಿಯಮವಿದೆ. ಕಂಪನಿ ತನ್ನ ನೌಕರರಿಗಾಗಿಯೇ ಮಾಡುವ ಕೆಲಸ ಸಿ.ಎಸ್.ಆರ್. ಲೆಕ್ಕಕ್ಕೆ ಬರುವುದಿಲ್ಲ. 2014ರ ನಿಯಮಗಳಲ್ಲೂ ಹೀಗೇ ಇತ್ತು, 2021ರ ತಿದ್ದುಪಡಿಯಲ್ಲೂ ಉಳಿಯಿತು. ಬೇರೆ ಯಾವುದೇ ಕಾನೂನಿನ ಪ್ರಕಾರ ಹೇಗಿದ್ದರೂ ಮಾಡಲೇಬೇಕಾದ ಕೆಲಸವನ್ನೂ ಇದರಲ್ಲಿ ತೋರಿಸುವಂತಿಲ್ಲ. ಊರಿಗೆಲ್ಲ ತೆರೆದಿರುವ ಆಸ್ಪತ್ರೆ ಕಟ್ಟಿಸಿ ಅದಕ್ಕೆ ನೌಕರರೂ ಹೋಗಿ ಬಂದರೆ ಅಡ್ಡಿಯಿಲ್ಲ, ನೌಕರರಿಗಷ್ಟೇ ಎಂದರೆ ಇಲ್ಲ. ನಿಯಮದ ಹಿಂದಿನ ಉದ್ದೇಶ ಸರಿಯಾದದ್ದೇ. ಕೂಲಿ, ಮನೆ, ಔಷಧಿಗೆ ಕೊಡಲೇಬೇಕಾದ ಹಣವನ್ನು ದಾನವೆಂದು ಬರೆದು ಎರಡು ಕಡೆ ಹೆಸರು ಪಡೆಯುವುದನ್ನು ಅದು ತಡೆಯುತ್ತದೆ. ಆದರೆ ಇದರಿಂದ ಕಂಪನಿಗಳ ಒಳಗೆ ಎರಡು ಬೇರೆ ಇಲಾಖೆ, ಎರಡು ಬೇರೆ ಪುಸ್ತಕ ಹುಟ್ಟಿಕೊಂಡವು. ಹೊರಗಿನವರಿಗೆ ಮಾಡುವುದು ಫೋಟೊ ಸಮೇತ ವಾರ್ಷಿಕ ವರದಿಗೆ ಬರುತ್ತದೆ, ಒಳಗಿನವರಿಗೆ ಮಾಡುವುದು ಖರ್ಚಿನ ಪಟ್ಟಿಯಲ್ಲಿ ಮುಳುಗುತ್ತದೆ.

ದುಡಿಯುವವರ ಮನಸ್ಸು ಈ ಎರಡು ಪುಸ್ತಕವನ್ನು ಬೇರೆಬೇರೆಯಾಗಿ ಓದುವುದಿಲ್ಲ. ತನ್ನ ತೋಟದ ಲೈನ್ ಮನೆಯ ಹೆಂಚು ಎರಡು ಮಳೆಗಾಲದಿಂದ ಸೋರುತ್ತಿರುವಾಗ ಅದೇ ಒಡೆತನದವರು ಪಕ್ಕದೂರಿನ ಶಾಲೆಗೆ ಬಣ್ಣ ಹೊಡೆಸಿದರೆ, ಆ ಮನೆಯಲ್ಲಿರುವ ಹೆಂಗಸಿಗೆ ಶಾಲೆಯ ಬಣ್ಣದ ಬಗ್ಗೆ ಸಂತೋಷವೂ ಆಗುತ್ತದೆ, ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂಬ ನೋವೂ ಆಗುತ್ತದೆ. ಈ ವಿಷಯದ ಸಂಶೋಧನೆಯಲ್ಲಿ ಅತಿ ಮುಖ್ಯವಾದ ಮಾತು ಇದೇ ಎಂದು ಈ ಲೇಖನದ ಅಭಿಪ್ರಾಯ. ಹೊರಗಿನ ಹೊಣೆ ಒಳಗಿನ ಹೊಣೆಯ ಜೊತೆಗೆ ಬಂದಾಗ ಮಾತ್ರ ಮನಸ್ಸಿಗೆ ಬಲವಾಗುತ್ತದೆ. ಒಳಗಿನದರ ಬದಲಿಗೆ ಬಂದರೆ ಗಾಯಕ್ಕೆ ಉಪ್ಪು.

ಸಂಶೋಧಕರು ಇದನ್ನು ನ್ಯಾಯದ ಭಾಷೆಯಲ್ಲಿ ಹೇಳುತ್ತಾರೆ. ಡೆಬೊರಾ ರಪ್ ಮತ್ತು ಸಂಗಡಿಗರು 2006ರಲ್ಲಿ ಮಂಡಿಸಿದ ವಾದದ ತಿರುಳು ಇಷ್ಟು: ಕಂಪನಿ ಬೇರೆಯವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಿ ನೌಕರರು ನಾಳೆ ತಮ್ಮನ್ನು ಹೇಗೆ ನಡೆಸಿಕೊಳ್ಳಬಹುದೆಂದು ಅಳೆಯುತ್ತಾರೆ. ಹೊಳೆಗೆ ಕೊಳೆನೀರು ಬಿಡುವ ಒಡೆಯ ಪ್ರಾವಿಡೆಂಟ್ ಫಂಡ್ ಸರಿಯಾಗಿ ಕಟ್ಟುತ್ತಾನೆಯೆ ಎಂಬ ಅನುಮಾನ ಸಹಜವಾಗಿಯೇ ಬರುತ್ತದೆ. ಹರ್ಮನ್ ಅಗ್ವಿನಿಸ್ ಮತ್ತು ಆಂಟೆ ಗ್ಲಾವಾಸ್ 2013ರಲ್ಲಿ ಇನ್ನೊಂದು ವಿಂಗಡಣೆ ಕೊಟ್ಟರು. ಕಂಪನಿಯ ದಿನನಿತ್ಯದ ಕೆಲಸದೊಳಗೇ ಬೆರೆತ ಹೊಣೆ ಒಂದು, ಅಂಚಿನಲ್ಲಿ ಅಂಟಿಸಿದ ಹೊಣೆ ಇನ್ನೊಂದು. ಮೊದಲನೆಯದರಿಂದ ದುಡಿಯುವವರಿಗೆ ತಮ್ಮ ಕೆಲಸದಲ್ಲಿ ಅರ್ಥ ಕಾಣುತ್ತದೆ. ಎರಡನೆಯದರ ಪ್ರಭಾವ ತೆಳು. ಭಾನುವಾರದ ರಜೆ ಕಳೆದು ಕಂಪನಿಯ ಹೆಸರಿನ ಟೀ ಶರ್ಟ್ ತೊಡಿಸಿ ಶ್ರಮದಾನಕ್ಕೆ ಒಯ್ದರೆ ನೆಮ್ಮದಿಯ ಬದಲು ಆಯಾಸವೇ ಹೆಚ್ಚುವುದುಂಟು.

ಕಂಪನಿಗಳ ಕಾಯ್ದೆಯಲ್ಲಿ ಇನ್ನೊಂದು ಕೊರತೆಯೂ ಇದೆ. ಶೇ 2 ಎಂಬುದು ಲಾಭದ ಮೇಲಿನ ಲೆಕ್ಕ. ಲಾಭವಿಲ್ಲದ ವರ್ಷಗಳಲ್ಲಿ ಹೊಣೆಯೂ ಕರಗುತ್ತದೆ. ಊರಿನ ಮನಸ್ಸು ಹೆಚ್ಚು ಕಳವಳಪಡುವುದು ಅಂಥ ವರ್ಷಗಳಲ್ಲಿಯೇ.

ಲೈನ್ ಮನೆ, ಕಂಬಳಿ, ತಕ್ಕಡಿ

ಸಿ.ಎಸ್.ಆರ್. ಎಂಬ ಹೆಸರು ಹುಟ್ಟುವ ಮೊದಲೇ ಕಾಫಿ, ಟೀ ತೋಟಗಳಿಗೆ ಹೊಣೆಯ ಕಾನೂನಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಅಥವಾ ಹೆಚ್ಚು ಜನ ದುಡಿಯುವ ಕಾಫಿ, ಟೀ, ರಬ್ಬರ್ ಮುಂತಾದ ತೋಟಗಳಿಗೆ ಅನ್ವಯಿಸುತ್ತಿತ್ತು. ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ, ವಾಸಕ್ಕೆ ಮನೆ, ಮಕ್ಕಳ ಓದು ಎಲ್ಲವೂ ಅದರಲ್ಲಿದ್ದವು. 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಶಿಶುಪಾಲನಾ ಮನೆ, 150 ಮಂದಿ ದುಡಿಯುವಲ್ಲಿ ಕ್ಯಾಂಟೀನು ಇರಬೇಕೆಂದಿತ್ತು. ಮನರಂಜನೆಗೂ ಒಂದು ಕಲಮು ಇತ್ತು. ಮಳೆ ಚಳಿಯಿಂದ ಕಾಪಾಡಿಕೊಳ್ಳಲು ಕೊಡೆ, ಕಂಬಳಿ, ರೈನ್‌ಕೋಟು ಕೊಡುವಂತೆ ನಿಯಮ ಮಾಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿತ್ತು. ಕಾಯ್ದೆ ಬರೆದವರ ಕಣ್ಣ ಮುಂದೆ ಜೂನ್ ತಿಂಗಳ ಘಟ್ಟದ ಮಳೆ ಇತ್ತೆಂಬುದು ಈ ಒಂದು ಕಲಮಿನಿಂದಲೇ ಗೊತ್ತಾಗುತ್ತದೆ. ಮುಂದೆ 1981ರ ತಿದ್ದುಪಡಿಯಲ್ಲಿ ತೋಟದವರು ಕೊಟ್ಟ ಮನೆ ಕುಸಿದು ಸಾವುನೋವಾದರೆ ಪರಿಹಾರದ ಹೊಣೆ ಒಡೆಯರದೆಂದು ಸೇರಿಸಲಾಯಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಗುಡ್ಡಗಳು ಜರಿದು ಮನೆಮಾರು ಹೋದದ್ದನ್ನು ಕಂಡವರಿಗೆ ಈ ಕಲಮಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಯ್ದೆಯಲ್ಲಿ ಮನಸ್ಸು ಎಂಬ ಪದ ಇಲ್ಲ. ಆದರೂ ಅದರ ಒಂದೊಂದು ಕಲಮೂ ಮನಸ್ಸಿನ ಒಂದೊಂದು ಭಾರವನ್ನು ಮುಟ್ಟುತ್ತದೆ. ಕೂಸನ್ನು ನೋಡಿಕೊಳ್ಳಲು ನಂಬಿಕೆಯ ಒಂದು ಜಾಗವಿದ್ದರೆ ತಾಯಿ ಗಿಡದ ಬುಡದಲ್ಲಿ ನಿಂತಾಗ ಕಿವಿ ಲೈನ್ ಮನೆಯ ಕಡೆ ಇರುವುದಿಲ್ಲ. ರಾತ್ರಿ ಮಳೆ ಜೋರಾದಾಗ ಗೋಡೆಯ ಭಯವಿಲ್ಲದೆ ನಿದ್ದೆ ಬಂದರೆ ಬೆಳಗಿನ ಹಾಜರಿಗೆ ಬರುವ ಮನುಷ್ಯನೇ ಬೇರೆ. ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ಮನೋನೆಮ್ಮದಿಯನ್ನು ಆರು ಮುಖಗಳಲ್ಲಿ ವಿವರಿಸಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಂದಿಗೆ ಒಳ್ಳೆಯ ಸಂಬಂಧ, ಸ್ವಂತ ನಿರ್ಧಾರದ ಶಕ್ತಿ, ಸುತ್ತಲಿನ ಪರಿಸ್ಥಿತಿಯ ಮೇಲೆ ಹಿಡಿತ, ಬದುಕಿಗೊಂದು ಗುರಿ, ಬೆಳೆಯುತ್ತಿದ್ದೇನೆಂಬ ಭಾವ. ಸೋರುವ ಮನೆಯಲ್ಲಿ ನಾಲ್ಕನೆಯದು ನಿಲ್ಲುವುದಿಲ್ಲ. ಉಳಿದವು ಅದರ ಮೇಲೆ ನಿಲ್ಲಬೇಕು.

ಕೆಲಸದ ಒತ್ತಡಕ್ಕೆ ರಾಬರ್ಟ್ ಕರಾಸೆಕ್ 1979ರಲ್ಲಿ ಕೊಟ್ಟ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಕೆಲಸದ ಹೊರೆ ಹೆಚ್ಚಿದ್ದು ಅದನ್ನು ಹೇಗೆ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆಯಿದ್ದರೆ ಮೈಮನಸ್ಸು ಎರಡೂ ಸವೆಯುತ್ತವೆ. ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲ, ಗೌರವ, ಭದ್ರತೆ ಸಿಗದಿದ್ದಾಗ ಆಗುವ ಹಾನಿಯನ್ನು ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ವಿವರಿಸಿದರು. ಕಾಫಿ ಕೊಯ್ಲಿನ ದಿನಗಳಲ್ಲಿ ಇವೆರಡನ್ನೂ ಒಟ್ಟಿಗೆ ನೋಡಬಹುದು. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚಿನವರೆಗೆ. ಹಣ್ಣು ಕಾಯುವುದಿಲ್ಲ, ಉದುರುತ್ತದೆ. ಅಕಾಲದ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಮುಗ್ಗುತ್ತದೆ. ಯಾರು ಯಾವ ಸಾಲು ಹಿಡಿಯಬೇಕೆಂದು ಹೇಳುವವರು ಮೇಸ್ತ್ರಿ. ಕೆಜಿಗೆ ಇಷ್ಟೆಂದು ಕೊಯ್ಯುವಲ್ಲಿ ಕಾಯಿ ತುಂಬಿದ ಗಿಡ ಸಿಕ್ಕವರಿಗೆ ಸಂಜೆಗೆ ಕೈತುಂಬ ದುಡ್ಡು, ಕಾಯಿ ಕಡಿಮೆಯಿದ್ದ ಕಡೆ ನಿಂತವರಿಗೆ ಅಷ್ಟೇ ದಣಿವು, ಅರ್ಧ ದುಡ್ಡು.

ಆದ್ದರಿಂದ ಸಂಜೆಯ ತಕ್ಕಡಿ ಎಸ್ಟೇಟಿನ ನ್ಯಾಯಸ್ಥಾನವಿದ್ದಂತೆ. ಮುಳ್ಳು ಎಲ್ಲಿ ನಿಂತಿತು, ಚೀಲದ ತೂಕವೆಂದು ಎಷ್ಟು ಕಳೆದರು, ಲೆಕ್ಕ ಬರೆಯುವ ರೈಟರು ಪುಸ್ತಕದಲ್ಲಿ ಏನು ಬರೆದುಕೊಂಡರು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರೋ ಇಲ್ಲವೋ ಎಂಬುದನ್ನು ಸರದಿಯಲ್ಲಿ ನಿಂತವರೆಲ್ಲ ನೋಡುತ್ತಾರೆ. ಕೂಲಿಯ ದರ ಒಂದೇ ಇದ್ದರೂ ತೂಕವನ್ನು ಎಲ್ಲರಿಗೂ ಕಾಣುವಂತೆ ಮಾಡುವ ತೋಟಕ್ಕೂ ಮುಚ್ಚುಮರೆಯ ತೋಟಕ್ಕೂ ಆಳುಗಳ ಮನಸ್ಸಿನಲ್ಲಿ ಅಜಗಜಾಂತರ. ಪುಸ್ತಕಗಳಲ್ಲಿ ಕಾರ್ಯವಿಧಾನದ ನ್ಯಾಯ ಎಂದು ಕರೆಯುವುದು ಇದನ್ನೇ. ಇದಕ್ಕೆ ಪ್ರತ್ಯೇಕ ಬಜೆಟ್ಟು ಬೇಕಿಲ್ಲ. ಹೀಗೆ ನಡೆಸಿಕೊಂಡ ಕಡೆ ಹೆಂಗಸರ ಬಾಯಲ್ಲಿ 'ನಮ್ಮ ತೋಟ' ಎಂಬ ಮಾತು ತಾನಾಗಿ ಬರುತ್ತದೆ. ಒಂದು ಗಿಡವೂ ತನ್ನದಲ್ಲದ ತೋಟವನ್ನು ನಮ್ಮದು ಎನ್ನುವುದರಲ್ಲಿ ಅಸ್ಮಿತೆಯ ಸಿದ್ಧಾಂತವೆಲ್ಲ ಅಡಗಿದೆ. ಹೆನ್ರಿ ತಾಜ್ಫೆಲ್ ಮತ್ತು ಜಾನ್ ಟರ್ನರ್ ಹೇಳಿದಂತೆ ಮನುಷ್ಯ ತಾನು ಸೇರಿದ ಗುಂಪಿನ ಮಾನದಿಂದ ತನ್ನ ಮಾನವನ್ನೂ ಕಟ್ಟಿಕೊಳ್ಳುತ್ತಾನೆ.

ಲೈನ್ ಮನೆಗಳ ಜನ ಬದಲಾಗಿದ್ದಾರೆ. ಒಂದು ಕಾಲಕ್ಕೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು, ತಮಿಳುನಾಡಿನ ಕಡೆಯವರು ಮೇಸ್ತ್ರಿಯ ಮುಂಗಡ ಪಡೆದು ಬರುತ್ತಿದ್ದರು. ಅವರ ಮಕ್ಕಳು ಓದಿ ಮಂಗಳೂರು, ಬೆಂಗಳೂರು ಸೇರಿದ ಮೇಲೆ ಈಗ ಅಸ್ಸಾಂ, ಬಂಗಾಳ, ಜಾರ್ಖಂಡಿನ ಕುಟುಂಬಗಳು ಕೊಯ್ಲಿಗೆ ಬರುತ್ತಿವೆ. ಮಾತು ಬಾರದ ಊರು, ಕಾಣದ ಬಗೆಯ ಮಳೆ, ರಕ್ತ ಹೀರುವ ಇಂಬಳ. ಮೂಡಿಗೆರೆ ಕಡೆಯ ತೋಟಗಳಲ್ಲಿ ಇದರ ಮೇಲೆ ಕಾಡಾನೆಯ ಭಯವೂ ಸೇರುತ್ತದೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವವರಿಗೆ ಆನೆ ಎಲ್ಲಿದೆ ಎಂಬ ಸುದ್ದಿ ಮುಟ್ಟಿಸುವುದೂ, ಆನೆ ಬಂದ ದಿನ ಕೆಲಸ ತಡವಾಗಿ ಶುರುಮಾಡಿ ಹಾಜರಿ ಕಳೆಯದಿರುವುದೂ ಇಲ್ಲಿನ ನಿಜವಾದ ಮಾನಸಿಕ ಆರೋಗ್ಯ ಕಾರ್ಯಕ್ರಮ ಎನ್ನಬೇಕು.

1951ರ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ. ಈ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು.

ಎಲ್ಲವನ್ನೂ ಕೊಟ್ಟ ಊರು: ಕುದುರೆಮುಖ

ಸಂಸೆಯಿಂದ ಮುಂದಿನ ದಾರಿ ಈ ವಿಷಯದ ಅತ್ಯಂತ ಕಠಿಣ ಉದಾಹರಣೆಗೆ ಒಯ್ಯುತ್ತದೆ. ಕುದುರೆಮುಖದ ಕಬ್ಬಿಣದ ಅದಿರನ್ನು ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದ್ದರು. ಅರವತ್ತು ವರ್ಷ ಕಾಡಿನಲ್ಲೇ ಇದ್ದ ಆ ಅದಿರಿಗೆ ಕಾಲ ಬಂದದ್ದು 1975ರಲ್ಲಿ ಇರಾನಿನೊಂದಿಗೆ ಒಪ್ಪಂದವಾದಾಗ. 63 ಕೋಟಿ ಡಾಲರ್ ಸಾಲದ ನೆರವು, ಪ್ರತಿಯಾಗಿ ವರ್ಷಕ್ಕೆ 75 ಲಕ್ಷ ಟನ್ ಸಾಂದ್ರಿತ ಅದಿರು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಭದ್ರಾ ನದಿ ಹುಟ್ಟುವ ಗುಡ್ಡಗಳ ಸೀಮೆಯಲ್ಲಿ, ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆ ಬೀಳುವ ಜಾಗದಲ್ಲಿ, ಗಣಿ, ಯಂತ್ರಾಗಾರ, ಲಕ್ಯಾ ಅಣೆಕಟ್ಟು, ಅದಿರಿನ ರಾಡಿಯನ್ನು ಮಂಗಳೂರಿನ ಪಣಂಬೂರಿಗೆ ಹರಿಸುವ 67 ಕಿ.ಮೀ. ಕೊಳವೆ ಎಲ್ಲ ತಯಾರಾದವು. 1979ರ ಕ್ರಾಂತಿಯ ನಂತರ ಇರಾನು ಕೈಬಿಟ್ಟಿತು. 1980ರಲ್ಲಿ ಯೋಜನೆ ಮುಗಿದಾಗ ಕೊಳ್ಳುವವರೇ ಇರಲಿಲ್ಲ; ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿ ಕಂಪನಿ ನಿಂತುಕೊಂಡಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರನ್ನು ಉಂಡೆಗಟ್ಟುವ ಪೆಲೆಟ್ ಘಟಕ ಶುರುವಾಯಿತು.

ನೌಕರನ ಕಣ್ಣಿನಿಂದ ನೋಡಿದರೆ ಟೌನ್‌ಶಿಪ್ಪು ಅಂದಿನ ಮಲೆನಾಡಿಗೆ ಕನಸಿನಂಥ ಜಾಗ. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಬಯಲು, ಕ್ಲಬ್ಬು, ಹಗಲಿರುಳೂ ವಿದ್ಯುತ್ತು. ಸುತ್ತಲ ಹಳ್ಳಿಗಳಲ್ಲಿ ಮಳೆಗಾಲ ಬಂದರೆ ವಾರಗಟ್ಟಲೆ ಚಿಮಣಿ ದೀಪವೇ ಗತಿಯಾಗಿದ್ದ ಕಾಲ ಅದು. ಸಂಸೆ, ಕಳಸದ ಅಂಗಡಿಗಳಿಗೆ, ಹಾಲು ತರಕಾರಿ ಮಾರುವವರಿಗೆ, ಜೀಪು ಬಸ್ಸುಗಳಿಗೆ ಅಲ್ಲಿನ ಸಂಬಳದ ದಿನವೇ ವ್ಯಾಪಾರದ ದಿನ. ಕಂಪನಿ ತನ್ನ ಆಳಿನ ಬಗ್ಗೆ ಹೊಣೆ ಹೊರುವುದೆಂದರೆ ಹೇಗೆ ಎಂಬುದಕ್ಕೆ ಅದು ಕಣ್ಣೆದುರಿನ ಮಾದರಿಯಾಗಿತ್ತು. ಅದೇ ಹೊತ್ತಿಗೆ ಅದೇ ಕಂಪನಿಯ ಗಣಿಯ ಕೆಂಪು ಹೂಳು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು. ಹೊಳೆಯ ಕೆಳಗಿನ ರೈತರಿಗೆ, ಕಾಡನ್ನು ಬಲ್ಲವರಿಗೆ ಅದರ ಹೊಣೆಯ ಇನ್ನೊಂದು ಮುಖ ಕಾಣುತ್ತಿತ್ತು. ಒಳಗಿನವರಿಗೆ ಅಕ್ಕರೆ, ಹೊರಗಿನ ಹೊಳೆಗೆ ಹೂಳು. ಇಂದಿನ ಕಂಪನಿಗಳ ಕಷ್ಟಕ್ಕೆ ಇದು ನೇರ ವಿರುದ್ಧ. ಆದರೆ ಎರಡರಲ್ಲೂ ಒಡಕು ಒಂದೇ.

30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು. ಗುತ್ತಿಗೆ ಮುಂದುವರಿಸಬೇಕೆ ಬೇಡವೆ ಎಂಬ ಹೋರಾಟದಲ್ಲಿ ಸೀಮೆ ಇಬ್ಭಾಗವಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅರ್ಜಿದಾರರಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು; ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೆ, ಹೊಳೆಗೆ ಅದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿ ನಿಂತಾಗ ನಿಂತದ್ದು ಗಣಿ ಒಂದೇ ಅಲ್ಲ. ಕೆಲವರು ಮಂಗಳೂರಿನ ಘಟಕಕ್ಕೆ ವರ್ಗವಾದರು, ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದವರಿಗೆ, ಟೌನ್‌ಶಿಪ್ಪನ್ನೇ ನಂಬಿ ಅಂಗಡಿ ಇಟ್ಟವರಿಗೆ ವರ್ಗವೂ ಇರಲಿಲ್ಲ, ನಿವೃತ್ತಿಯ ಹಣವೂ ಇರಲಿಲ್ಲ. ಕ್ವಾರ್ಟರ್ಸಿನ ಸಾಲುಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಪಾಚಿ, ಬಳ್ಳಿ ಹತ್ತಿದವು.

ಇಂಥ ಊರಿನ ಮನಸ್ಸನ್ನು ಮೊದಲು ಹತ್ತಿರದಿಂದ ಓದಿದವರು ಆಸ್ಟ್ರಿಯಾದ ಮೂವರು: ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹನ್ಸ್ ಜೈಸಲ್. ವಿಯೆನ್ನಾ ಬಳಿಯ ಮರಿಯೆಂಟಾಲ್ ಎಂಬ ಊರು ಒಂದೇ ಒಂದು ಬಟ್ಟೆ ಗಿರಣಿಯನ್ನು ನಂಬಿತ್ತು. ಗಿರಣಿ ಮುಚ್ಚಿದ ಮೇಲೆ ಅವರು ಅಲ್ಲಿಗೆ ಹೋದರು. 1933ರಲ್ಲಿ ಪುಸ್ತಕ ಪ್ರಕಟಿಸಿದರು. ರಸ್ತೆಯಲ್ಲಿ ಜನ ಎಷ್ಟು ಬೇಗ ನಡೆಯುತ್ತಾರೆಂದು ಗಡಿಯಾರ ಹಿಡಿದು ಅಳೆದರು. ಕೆಲಸ ಹೋದ ಗಂಡಸರ ನಡಿಗೆ ನಿಧಾನವಾಗಿತ್ತು, ಅಲ್ಲಲ್ಲಿ ನಿಲ್ಲುತ್ತಿದ್ದರು. ಮನೆಗೆಲಸ ತಪ್ಪದ ಹೆಂಗಸರು ಮಾತ್ರ ಮೊದಲಿನ ಹಾಗೆ ಬಿರುಸಾಗಿ ನಡೆಯುತ್ತಿದ್ದರು. ಹೊತ್ತು ಬೇಕಾದಷ್ಟಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು. ಮುಂದೆ ಯಹೋಡಾ ಇದರ ಸಾರವನ್ನು ಹೀಗೆ ಹೇಳಿದರು: ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಮನೆಯಾಚೆಗೆ ನಾಲ್ಕು ಜನರ ಒಡನಾಟ, ಒಟ್ಟಿಗೆ ಏನನ್ನೋ ಮಾಡುತ್ತಿದ್ದೇವೆಂಬ ಭಾವ, ಸಮಾಜದಲ್ಲೊಂದು ಸ್ಥಾನ, ಮೈಗೊಂದು ಚಟುವಟಿಕೆ ಇವನ್ನೂ ಕೊಡುತ್ತದೆ. ಪರಿಹಾರದ ಚೆಕ್ಕಿನಲ್ಲಿ ಮರಳಿ ಬರುವುದು ಸಂಬಳ ಮಾತ್ರ.

ಕುದುರೆಮುಖಕ್ಕೆ ಈ ಅಳತೆ ಇಟ್ಟರೆ ಕಾಣುವುದು ಇದು. ಪಾಳಿ ಬದಲಾಗುವ ಹೊತ್ತಿನಿಂದ ಊರಿನ ಊಟ, ನಿದ್ದೆ, ಆಟ ಎಲ್ಲ ಗೊತ್ತಾಗುತ್ತಿತ್ತು. ನೆರೆಹೊರೆಯವನೇ ಸಹೋದ್ಯೋಗಿ, ಮಗುವಿನ ಗೆಳೆಯನ ತಂದೆಯೇ ಮೇಲಧಿಕಾರಿ. ಒಂದು ಕಂಪನಿಯ ಮೇಲೆ ಇಷ್ಟೆಲ್ಲ ನಿಂತಾಗ ಅದು ಹೋದರೆ ಎಲ್ಲವೂ ಒಂದೇ ದಿನ ಹೋಗುತ್ತದೆ. 2001ರ ಫೆಬ್ರುವರಿಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದಾಗಲೂ ಹೀಗೇ ಆಗಿತ್ತು. ಅಲ್ಲಿ ಜನ ಊರು ಬಿಡದೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವುದನ್ನು ಕಲಿತರು. ಕುದುರೆಮುಖದಲ್ಲಿ ಅದಕ್ಕೂ ದಾರಿಯಿರಲಿಲ್ಲ. ಮೂರು ವರ್ಷದ ಮೊದಲೇ ಮುಚ್ಚುವ ದಿನ ಗೊತ್ತಿತ್ತು. ಗಣಿಯ ಗುಡ್ಡವನ್ನು ಏನು ಮಾಡಬೇಕು, ಯಂತ್ರಗಳನ್ನು ಏನು ಮಾಡಬೇಕು ಎಂಬುದಕ್ಕೆ ಯೋಜನೆ ಬೇಕೆನ್ನುವ ನಾಡು, ಮನುಷ್ಯರ ಬೀಳ್ಕೊಡುಗೆಗೂ ಅಷ್ಟೇ ವಿವರವಾದ ಯೋಜನೆ ಬೇಕೆಂದು ಇನ್ನೂ ಕೇಳಬೇಕಾಗಿದೆ.

ಕಂಪನಿಯಲ್ಲದವರ ಮನಸ್ಸು

ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅವುಗಳ ಒಡೆಯರಿಗೆ ಕಂಪನಿಗಳ ಕಾಯ್ದೆಯ 135ನೆಯ ಕಲಮು ಸಂಬಂಧಿಸದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿದು, 1996ರ ಹೊತ್ತಿಗೆ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲಿಂಗ್ ಮುಗಿದ ಮೇಲೆ ಬೆಳೆಗಾರ ನೇರವಾಗಿ ಪೇಟೆಯ ಏರಿಳಿತಕ್ಕೆ ಮೈಯೊಡ್ಡಿದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ದರ ಪಾತಾಳಕ್ಕಿಳಿದಾಗ ಸಾಲದ ಭಾರ ಹೊತ್ತವರು ಆಳಿಗೆ ಬಟವಾಡೆ ಮಾಡುವ ಶನಿವಾರಕ್ಕೆ ಹೆದರಿದ್ದುಂಟು. ಕಾಫಿ ಹೂವರಳಿಸುವ ಹೂಮಳೆ ತಪ್ಪಿದರೆ ಒಂದು ಚಿಂತೆ, ಬಿಳಿ ಕಾಂಡಕೊರಕ ಹುಳು ಬಿದ್ದರೆ ಇನ್ನೊಂದು. ಮೂಡಿಗೆರೆ ಕಡೆಯಿಂದ ಬಂದು ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡಾಗ ಉದ್ಯಮಿಯ ಮನಸ್ಸಿನ ಮೇಲಿನ ಭಾರದ ಮಾತು ರಾಜ್ಯದಲ್ಲೆಲ್ಲ ಬಂತು. ನಾಲ್ಕೆಕರೆಯ ಬೆಳೆಗಾರನ ಮನಸ್ಸಿನ ಮಾತು ಅಷ್ಟಾಗಿ ಬರಲಿಲ್ಲ. ಒಡೆಯನ ನಿದ್ದೆಗೆಟ್ಟ ಮನೆಯಲ್ಲಿ ಆಳಿನ ನೆಮ್ಮದಿಯೂ ಉಳಿಯುವುದಿಲ್ಲವಾದ್ದರಿಂದ ಇವೆರಡನ್ನೂ ಒಟ್ಟಿಗೆ ಓದುವುದು ಕಾಫಿ ಸೀಮೆಯಲ್ಲಿ ಅಗತ್ಯ.

ಕೇಳಿಸಿಕೊಳ್ಳುವುದರ ಬಲ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಬರುವ ಬಸವಳಿತವನ್ನು, ಅಂದರೆ ಬರ್ನ್‌ಔಟನ್ನು, ಕಾಯಿಲೆಯೆಂದಲ್ಲ, ಔದ್ಯೋಗಿಕ ಸಂಗತಿಯೆಂದು ತನ್ನ ವರ್ಗೀಕರಣದಲ್ಲಿ ಸೇರಿಸಿತು. 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ಕೊಟ್ಟಿತು. ಖಿನ್ನತೆ, ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ಅಂದಾಜು. ಮಾರ್ಗಸೂಚಿಯ ಒಂದು ಅಂಶ ಒತ್ತಿ ಹೇಳುವಂಥದು: ಆಳಿಗೆ ಸಹನೆ ಕಲಿಸುವುದಕ್ಕಿಂತ ಮೊದಲು ಕೆಲಸದ ವ್ಯವಸ್ಥೆಯನ್ನೇ ತಿದ್ದಬೇಕು.

ಕರ್ನಾಟಕದಿಂದಲೇ ಬಂದ ಒಂದು ಪುರಾವೆ ಇಲ್ಲಿ ಬೆಲೆಯುಳ್ಳದ್ದು. ಅಚ್ಯುತ ಅಧ್ವರ್ಯು, ಅನಂತ್ ನ್ಯಶಾಧಮ್ ಮತ್ತು ಸಂಗಡಿಗರು 2016ರಲ್ಲಿ ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ಕೂಲಿ ಏರಿಕೆ ನಿರೀಕ್ಷೆಗಿಂತ ಕಡಿಮೆಯಾಗಿ ಕೆಲಸಗಾರರು ಬೇಸತ್ತಿದ್ದ ಹೊತ್ತಿನಲ್ಲಿ, ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಹೆಸರು ಹೇಳದೆ ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಐದನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು. ಕೂಲಿ ಹೆಚ್ಚಿಸಬೇಕಾದ ಕಡೆ ಕೇಳಿಸಿಕೊಂಡು ಕಳಿಸಿದರೆ ಸಾಕೆಂದು ಇದನ್ನು ಓದಿದರೆ ಅದು ಮೋಸ. ಮಾತಿಗೆ ಬೆಲೆಯಿದೆ ಎಂಬ ಭಾವವೇ ಮನಸ್ಸಿಗೆ ಒಂದು ಆಹಾರ ಎಂದು ಓದುವುದು ಸರಿ.

ಚಿಕಿತ್ಸೆಯ ಕಡೆ ನೋಡಿದರೆ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲಿರುಳೂ ಹಣವಿಲ್ಲದೆ ಕರೆ ಮಾಡಬಹುದು. ಕನ್ನಡವಷ್ಟೇ ಅಲ್ಲ, ಅಸ್ಸಾಮಿ, ಬಂಗಾಳಿ, ಹಿಂದಿಯಲ್ಲೂ ಮಾತಾಡುವವರಿದ್ದಾರೆ. ಲೈನ್ ಮನೆಯ ಗೋಡೆಯ ಮೇಲೆ ಆ ಐದು ಅಂಕಿ ಬರೆಸುವುದು, ಮಳೆಗಾಲದಲ್ಲಿ ಸಿಗ್ನಲ್ ಸಿಗುವ ಒಂದು ಜಾಗವನ್ನು ಎಲ್ಲರಿಗೂ ತೆರೆದಿಡುವುದು ಯಾವ ತೋಟಕ್ಕೂ ಹೊರೆಯಲ್ಲ.

ಅಳತೆಯ ಮಾತು

ಈ ವಿಷಯದ ಸಂಶೋಧನೆಗೆ ಮಿತಿಗಳಿವೆ. ಹೆಚ್ಚಿನವು ಒಂದೇ ಸಲ ಪ್ರಶ್ನಾವಳಿ ತುಂಬಿಸಿ ಮಾಡಿದವು. ಕಂಪನಿ ಒಳ್ಳೆಯದೆನಿಸಿದ್ದರಿಂದ ನೆಮ್ಮದಿ ಬಂತೋ, ನೆಮ್ಮದಿಯಾಗಿರುವವರಿಗೆ ಕಂಪನಿ ಒಳ್ಳೆಯದಾಗಿ ಕಾಣುತ್ತದೋ ಎಂಬುದು ಅವುಗಳಿಂದ ಬಗೆಹರಿಯುವುದಿಲ್ಲ. ಒಡೆಯರ ಕಚೇರಿಯಲ್ಲಿ ಕೂರಿಸಿ ಕೇಳಿದರೆ ಬರುವ ಉತ್ತರ ಬೇರೆ, ಒಲೆಯ ಮುಂದೆ ಕೂತು ಕೇಳಿದರೆ ಬೇರೆ.

ಪ್ರಶ್ನೆಯ ಭಾಷೆಯೂ ಮುಖ್ಯ. ಇಂಗ್ಲಿಷಿನಲ್ಲಿ ತಯಾರಾದ ಪ್ರಶ್ನಾವಳಿಗಳು ಕನ್ನಡಕ್ಕೆ ಬರುವಾಗ ಖಿನ್ನತೆ, ಒತ್ತಡ, ಉದ್ವೇಗ ಎಂಬ ಪುಸ್ತಕದ ಮಾತುಗಳನ್ನು ಹೊತ್ತು ಬರುತ್ತವೆ. ಸಂಸೆ, ಕಳಸದ ಕಡೆ ಒತ್ತಡಕ್ಕೆ ತಲೆಬಿಸಿ ಎನ್ನುತ್ತಾರೆ. ಬೇಜಾರು ಎಂದರೆ ಬಯಲುಸೀಮೆಯಲ್ಲಿ ಹೊತ್ತು ಹೋಗದಿರುವುದು, ಇಲ್ಲಿ ಮತ್ತು ಘಟ್ಟದ ಕೆಳಗೆ ಅದು ಮನಸ್ಸಿನ ದುಃಖ. ಯಾರಾದರೂ ಒಂದು ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದರೆ ಅದರಲ್ಲಿ ಎಷ್ಟೋ ದಿನದ ನಿದ್ದೆಗೇಡು ಇದೆ. ಅಸಡ್ಡೆ ಎಂಬುದಕ್ಕೆ ಇಲ್ಲಿ ಬೈಗುಳಕ್ಕಿಂತ ಹೆಚ್ಚಿನ ನೋವಿದೆ. ಬೈದ ಮೇಸ್ತ್ರಿಯನ್ನು ಮರೆಯುವವರು ಅಸಡ್ಡೆ ಮಾಡಿದವರನ್ನು ಮರೆಯುವುದಿಲ್ಲ. ಟೀ ಎಲೆ ಕೀಳುವ ಹೆಂಗಸಿಗೆ, 'ಇತ್ತೀಚೆಗೆ ಏನಾದರೂ ತಲೆಬಿಸಿ ಉಂಟಾ ಅಕ್ಕ, ನಿದ್ದೆ ಬರ್ತದಾ' ಎಂದು ಕೇಳಿದರೆ ಒಂದು ಉತ್ತರ ಬರುತ್ತದೆ, ಐದು ಚೌಕದಲ್ಲಿ ಒಂದಕ್ಕೆ ಗುರುತು ಹಾಕಿ ಎಂದರೆ ಮೇಸ್ತ್ರಿಯ ಮುಖ ನೋಡಿ ಮಧ್ಯದ ಚೌಕಕ್ಕೆ ಗುರುತು ಬೀಳುತ್ತದೆ.